ಸಹಾಯ ಬೇಕು: ಗ್ಲೂಕೋಸ್ ಸೆನ್ಸರ್‌ನ ಅಂಟು ಮಗಳ ಚರ್ಮಕ್ಕೆ ಆಗುತ್ತಿಲ್ಲ

ಮಗಳಿಗೆ ಟೈಪ್ 1 ಡಯಾಬಿಟಿಸ್. ಶುಗರ್ ಮಟ್ಟ ಅಳೆಯುತ್ತಲೇ ಇರುವ 14 ದಿನದ ಸೆನ್ಸರ್ ಅನ್ನು ತೋಳಿಗೆ ಹಾಕುತ್ತೇವೆ. ಈಚೆಗೆ ಅಂಟಿನ ಕೆಳಗೆ ಚರ್ಮ ಕೆಂಪಾಗಿ, ವಿಪರೀತ ತುರಿಕೆ, ಸಣ್ಣ ನೀರುಗುಳ್ಳೆ. ಇದು ಬರೀ ಬೆವರಿನ ಕಿರಿಕಿರಿ ಅಂತ ನನಗನ್ನಿಸುತ್ತಿಲ್ಲ. ಐಸೋಬೋರ್ನೈಲ್ ಅಕ್ರಿಲೇಟ್ ಎಂಬ ರಾಸಾಯನಿಕದಿಂದ ಕೆಲವರಿಗೆ ಹೀಗೆ ಅಲರ್ಜಿ ಆಗಿದೆ. ಅದು ಸೆನ್ಸರ್‌ನ ಪ್ಲಾಸ್ಟಿಕ್ ಭಾಗ ಜೋಡಿಸುವ ಅಂಟಿನಿಂದಲೂ ಚರ್ಮಕ್ಕೆ ಅಂಟುವ ಪಟ್ಟಿಗೆ ಇಳಿಯಬಹುದು. ಹಾಗಾದರೆ ಪಟ್ಟಿ ಮಾತ್ರ ಬದಲಿಸಿದರೆ ಸಾಲದು ಅಲ್ವಾ?

ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ (ಯಾವ ವಸ್ತುವಿಗೆ ಅಲರ್ಜಿ ಅಂತ ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸುತ್ತೇವೆ. ಅಲ್ಲಿಯವರೆಗೆ ಸೆನ್ಸರ್ ಬಿಟ್ಟಿರಲು ಆಗಲ್ಲ, ರಾತ್ರಿ ಶುಗರ್ ಇಳಿದರೆ ನಮ್ಮನ್ನು ಎಬ್ಬಿಸುವುದೇ ಅದು. ಕೆಳಗೆ ಹೈಡ್ರೋಕೊಲಾಯ್ಡ್ ಪಟ್ಟಿ (ಗಾಯಕ್ಕೆ ಹಾಕುವ ಜೆಲ್‌ನಂಥ ಪಟ್ಟಿ) ಹಾಕಿ ಮೇಲೆ ಸೆನ್ಸರ್ ಕೂರಿಸಿದವರು ಇದ್ದೀರಾ? ರೀಡಿಂಗ್ ಸರಿಯಾಗಿ ಬಂತಾ? ಸಿಲಿಕೋನ್ ಅಂಟು ಚರ್ಮ ಎಳೆಯದೆ ಬಿಡುತ್ತದೆ, ನಿಜ. ಆದರೆ ಸ್ನಾನ, ಆಟದ ನಡುವೆ ಎಷ್ಟು ದಿನ ಹಿಡಿಯುತ್ತದೆ? ಬಳಸಿದವರು ದಯವಿಟ್ಟು ತಿಳಿಸಿ.