ಗುಂಡನನ್ನು ಸಿನಿಮಾಕ್ಕೆ ಕರ್ಕೊಂಡು ಹೋಗೋ ಮುಂಚೆ ಇದನ್ನು ಪೂರ್ತಿ ಕೇಳು

ತಂಗಿ, ನೀನು ಬೆಳಗ್ಗೆ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಭಾನುವಾರ ಕಾಂತಾರ ಚಾಪ್ಟರ್ 1ಕ್ಕೆ ಹೋಗುತ್ತಿದ್ದೀವಿ, ಗುಂಡನಿಗೆ ಏಳು ವರ್ಷ, ಹೆದರಿಕೊಳ್ಳುತ್ತಾನಾ, ಅಮ್ಮನಿಗೆ ಬೇರೆ ಬಿಪಿ ಇದೆ, ನೋಡಿದವರು ಹೇಳಿ ಅಂತ ಕೇಳಿದ್ದೀಯ. ಅದರ ಕೆಳಗೆ ಹನ್ನೊಂದು ಜನ ಹೆಬ್ಬೆರಳು ಒತ್ತಿದ್ದಾರೆ. ಸೂಪರ್, ಬೆಂಕಿ, ಮಿಸ್ ಮಾಡಬೇಡಿ. ಬೆಂಕಿ ಅಂತೆ. ಹುಡುಗ ಹೆದರುತ್ತಾನಾ ಅಂದರೆ ಬೆಂಕಿ ಅನ್ನುವುದು ಒಂದು ಉತ್ತರವಾ? ನನಗೆ ಟೈಪ್ ಮಾಡೋಕೆ ಆಗುವುದಿಲ್ಲ, ಬಾಯಲ್ಲಿ ಹೇಳುತ್ತೇನೆ, ಫೋನೇ ಬರೆದುಕೊಳ್ಳಲಿ. ಅಕ್ಷರ ತಪ್ಪಿದರೆ ಅದು ಫೋನಿನ ತಪ್ಪು.

ಮೊದಲೇ ಹೇಳಿಬಿಡುತ್ತೇನೆ. ಮೈಮೇಲೆ ಬರುವ ಸಿನಿಮಾಕ್ಕೆ ಸಣ್ಣ ಹುಡುಗರನ್ನು ಕರೆದುಕೊಂಡು ಹೋಗಬೇಡ. ಹೊಡೆದಾಟ ನೋಡಲಿ, ಹುಲಿ ನೋಡಲಿ, ಏನೂ ಆಗುವುದಿಲ್ಲ. ದೆವ್ವವೋ ದೈವವೋ ಮೈಮೇಲೆ ಬರುವುದು ಮಾತ್ರ ಬೇಡ.

ನಮ್ಮ ದೊಡ್ಡವನ ಕಥೆ ನಿಮಗೆಲ್ಲ ಗೊತ್ತೇ ಇದೆ. ಅರ್ಧ ಗೊತ್ತು, ಅರ್ಧ ನಾನು ಹೇಳಿಲ್ಲ. ಅವನಿಗೆ ಆಗ ಆರು ವರ್ಷ. ಆಳಂದ ಕಡೆ ಹಳ್ಳಿ ಮನೆಯಲ್ಲೇ ಇದ್ದೆವು. ಆಗ ಊರಲ್ಲಿ ಟೀವಿ ಎಲ್ಲಿತ್ತು? ಹುಡುಗರು ಮನೆಮನೆಗೆ ಪಟ್ಟಿ ಎತ್ತಿ, ಆಳಂದದಿಂದ ವಿಸಿಆರ್ ಮತ್ತು ಟೀವಿ ಬಾಡಿಗೆಗೆ ತರುತ್ತಿದ್ದರು. ಒಂದು ರಾತ್ರಿಗೆ ಮೂರು ಸಿನಿಮಾ. ಬಾಡಿಗೆ ಕೊಟ್ಟಿದ್ದೇವೆ ಅಂತ ಯಾರೂ ಏಳುತ್ತಿರಲಿಲ್ಲ, ನಿದ್ದೆ ಬಂದರೂ ಕೂತಲ್ಲೇ ತೂಕಡಿಸಿಕೊಂಡು ಕೂರುವುದು. ಗೌಡರ ಮನೆಯ ಅಂಗಳದಲ್ಲಿ ಟೀವಿಯನ್ನು ಜೋಳದ ಚೀಲಗಳ ಮೇಲೆ ಇಟ್ಟಿದ್ದರು. ಚೀಲ ಒಂದು ಕಡೆ ವಾಲಿತ್ತು, ಹಾಗಾಗಿ ಇಡೀ ರಾತ್ರಿ ಎಲ್ಲರೂ ಕತ್ತು ಓರೆ ಮಾಡಿಕೊಂಡೇ ನೋಡಿದೆವು.

ಮೊದಲನೆಯದು ರಾಜಕುಮಾರ್ ಸಿನಿಮಾ. ಎರಡನೆಯದು ನಾ ನಿನ್ನ ಬಿಡಲಾರೆ. 1979ರದು, ಅನಂತನಾಗ್ ಮತ್ತು ಲಕ್ಷ್ಮಿ ಇರುವುದು. ನಿಮ್ಮ ವಯಸ್ಸಿನವರಿಗೆ ಅದು ಈಗ ತಮಾಷೆ ಅನಿಸಬಹುದು. ಆವಾಗ ಅದರ ಹೆಸರು ಹೇಳಿದರೆ ಹೆಂಗಸರು ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದರು. ಅನಂತನಾಗ್ ಅಷ್ಟು ಸೌಮ್ಯ ಮುಖದವನು, ಅವನ ಮೈಯೊಳಗೆ ಹೆಣ್ಣು ದೆವ್ವ ಬಂದು ಕೂರುತ್ತದೆ. ಕಣ್ಣೇ ಬದಲಾಗುತ್ತದೆ. ದೊಡ್ಡವನು ನನ್ನ ತೊಡೆ ಮೇಲೆ ಮಲಗಿದ್ದಾನೆ ಅಂತ ನಾನು ತಿಳಿದುಕೊಂಡಿದ್ದೆ. ಎಲ್ಲಿ ಮಲಗಿದ್ದ! ಕಣ್ಣು ಬಿಟ್ಟುಕೊಂಡು ಎಲ್ಲ ನೋಡುತ್ತಿದ್ದ.

ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು.

ಅಂಗಳದ ತುಂಬ ಕತ್ತಲೆ. ಕೂಸುಗಳು ಕಿರುಚಿದವು, ಯಾರೋ ಹುಡುಗ ಬೇಕಂತಲೇ ದೆವ್ವದ ದನಿ ತೆಗೆದ. ಅವನಿಗೆ ಅಲ್ಲೇ ಅವರ ಅಪ್ಪ ಬಾರಿಸಿದ ಸದ್ದೂ ಕೇಳಿತು. ಅರ್ಧ ಗಂಟೆ ಕಾದೆವು. ಬರಲಿಲ್ಲ. ಬೆಳಗ್ಗೆ ತೊಗರಿ ಕಟಾವಿಗೆ ಹೋಗಬೇಕು ಅಂತ ನಾನು ಹುಡುಗನನ್ನು ಎತ್ತಿಕೊಂಡು ಮನೆಗೆ ಹೊರಟೆ. ಒಂದು ಕೈಯಲ್ಲಿ ಕಂದೀಲು, ಒಂದು ಕೈಯಲ್ಲಿ ಅವನು. ಗದ್ದಲದಲ್ಲಿ ನನ್ನ ತುರುಬು ಬಿಚ್ಚಿಹೋಗಿತ್ತು. ಕಟ್ಟಿಕೊಳ್ಳೋಣ ಅಂದರೆ ಕೈ ಖಾಲಿ ಇಲ್ಲ. ಹಾದಿ ತುಂಬ ಕಲ್ಲು ಅಂತ ನಾನು ಮಾತಾಡದೆ ಕೆಳಗೆ ನೋಡಿಕೊಂಡು ನಡೆಯುತ್ತಿದ್ದೆ. ಕಂದೀಲಿನ ಬೆಳಕು ಕೆಳಗಿನಿಂದ ನನ್ನ ಮುಖಕ್ಕೆ ಬೀಳುತ್ತಿತ್ತು. ಈಗ ನೀನೇ ಯೋಚನೆ ಮಾಡು ತಂಗಿ.

ಹನುಮಂತನ ಗುಡಿ ದಾಟಿದ ಮೇಲೆ ಹುಡುಗ ನನ್ನ ಮುಖ ನೋಡಿ ಕೇಳಿದ, "ನೀ ಯಾರು?" ಅಂತ. ನನಗೆ ನಗು ಬಂತು. ನಕ್ಕೆ. ಅದೇ ತಪ್ಪಾಯಿತು. ಕೈಯಿಂದ ಜಾರಿ ಓಡಿದ ನೋಡು, ಕತ್ತಲಲ್ಲಿ, ಬರಿಗಾಲಲ್ಲಿ, ಸೀದಾ ಅವರ ಅಜ್ಜಿಯ ಹಾಸಿಗೆಗೆ ಹೋಗಿ ಬಿದ್ದ.

ಆವತ್ತಿನಿಂದ ಒಂದೂವರೆ ತಿಂಗಳು ನನ್ನ ಕೈಯಲ್ಲಿ ಊಟ ಮಾಡಲಿಲ್ಲ. ಹೆತ್ತ ಮಗ! ಕತ್ತಲಾದ ಮೇಲೆ ಹಿತ್ತಲಿಗೆ ಹೋಗುತ್ತಿರಲಿಲ್ಲ, ಹಾಸಿಗೆಯಲ್ಲೇ ಎಲ್ಲ. ಜ್ವರ ಬಂತು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಲಬುರಗಿಗೆ ಬಂದು ಶರಣಬಸಪ್ಪನ ಗುಡಿಗೆ ಹೋದೆವು, ಅಲ್ಲಿಂದ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದೆವು, ಆಮೇಲೆ ಡಾಕ್ಟರ ಹತ್ತಿರ. ಡಾಕ್ಟರು ಎಲ್ಲ ಕೇಳಿ, ಹುಡುಗನಿಗೆ ಸಿನಿಮಾದ ಕೊನೆ ತೋರಿಸಿದಿರಾ ಅಂತ ಕೇಳಿದರು. ನಮಗೆ ಹೊಳೆದೇ ಇರಲಿಲ್ಲ. ಆ ಸಿನಿಮಾದಲ್ಲಿ ಕೊನೆಗೆ ರಾಯರ ಕೃಪೆಯಿಂದ ದೆವ್ವ ಬಿಟ್ಟು ಹೋಗುತ್ತದೆ. ಬೆಳಗಿನ ಜಾವ ಕರೆಂಟು ಬಂದ ಮೇಲೆ ಊರೆಲ್ಲ ಅದನ್ನು ನೋಡಿ ನೆಮ್ಮದಿಯಾಗಿ ಮನೆಗೆ ಹೋಗಿತ್ತು. ನನ್ನ ಮಗ ಮಾತ್ರ ನೋಡಿರಲಿಲ್ಲ. ಅವನ ಲೆಕ್ಕದಲ್ಲಿ ಆ ದೆವ್ವ ಇನ್ನೂ ಬಿಟ್ಟೇ ಇಲ್ಲ, ಅನಂತನಾಗ್‌ನಿಂದ ಇಳಿದು ನನ್ನ ಮೇಲೆ ಬಂದಿದೆ. ಮತ್ತೆ ಪಟ್ಟಿ ಎತ್ತುವವರೆಗೂ ಕಾಯಬೇಕಾಯಿತು. ಅದೇ ಕ್ಯಾಸೆಟ್ ತರಿಸಿ, ಮಧ್ಯಾಹ್ನ ಬಿಸಿಲಲ್ಲಿ, ಬಾಗಿಲು ತೆಗೆದಿಟ್ಟು ಕೊನೆಯ ಭಾಗ ತೋರಿಸಿದೆವು. ಆ ರಾತ್ರಿ ನನ್ನ ಕೈಯಿಂದ ಹಾಲು ರೊಟ್ಟಿ ತಿಂದ. ಈಗ ನಲವತ್ತೈದಾಯಿತು ಅವನಿಗೆ, ಇವತ್ತಿಗೂ ನಾನು ತಲೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡಿದ್ದರೆ ಎದುರಿಗೆ ನಿಲ್ಲುವುದಿಲ್ಲ, ಪೇಪರ್ ಹಿಡಿದುಕೊಂಡು ಆಚೆ ಹೋಗುತ್ತಾನೆ. ಅವನೂ ಈ ಗ್ರೂಪಿನಲ್ಲೇ ಇದ್ದಾನೆ, ಇಲ್ಲ ಅನ್ನಲಿ ನೋಡೋಣ.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ. ಮೈಮೇಲೆ ಬರುವ ಸಿನಿಮಾಕ್ಕೆ ಸಣ್ಣ ಹುಡುಗರನ್ನು ಕರೆದುಕೊಂಡು ಹೋಗಬೇಡ. ದೆವ್ವ ಬೇರೆ, ದೈವ ಬೇರೆ, ನನಗೂ ಗೊತ್ತು, ಕರಾವಳಿಯವರಿಗೆ ಕಾಂತಾರದ ಗುಳಿಗ, ಪಂಜುರ್ಲಿ ದೈವಗಳು ಅಂದರೆ ನಮಗೆ ಶರಣಬಸಪ್ಪ ಇದ್ದ ಹಾಗೆ. ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ದೇವರ ಕೈಯಾಕಾರದ ಪಂಜಾ ಹಿಡಿದವರ ಮೈಮೇಲೆ ಬರುವುದಿಲ್ಲವಾ? ಹಳ್ಳಿ ಹುಡುಗರು ಅದನ್ನು ವರ್ಷಾ ನೋಡಿ ನೋಡಿ ಬೆಳೆಯುತ್ತಾರೆ. ಗುಂಡ ಸೇಡಂ ರೋಡಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವನು. ಅವನು ಎಲ್ಲಿ ನೋಡಿದ್ದಾನೆ?

ಮತ್ತೆ ನಾನು ನೋಡದೆ ಮಾತಾಡುತ್ತಿಲ್ಲ. ಕಾಂತಾರ ಚಾಪ್ಟರ್ 1 ನೋಡಿದ್ದೇನೆ. ಹೇಗೆ ನೋಡಿದೆ ಅನ್ನುವುದನ್ನೂ ಹೇಳಬೇಕು. 2025ರ ಅಕ್ಟೋಬರ್ 2ಕ್ಕೆ ಬಿಡುಗಡೆ, ಅವತ್ತೇ ವಿಜಯದಶಮಿ. ನಾನು ಬೆಳಗ್ಗೆಯಿಂದ ಹೋಳಿಗೆ ಬೇಯಿಸಿದ್ದೇನೆ, ಸಂಜೆ ಬನ್ನಿ ಕೊಡಲು ಬಂದವರಿಗೆಲ್ಲ ಚಹಾ ಮಾಡಿದ್ದೇನೆ. ಎಲ್ಲ ಮುಗಿದ ಮೇಲೆ ನೋಡಿದರೆ ಮನೆಯವರೆಲ್ಲ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ. ರಾತ್ರಿ ಶೋಗೆ ಆರು ಟಿಕೆಟ್. ಮನೆಯಲ್ಲಿ ಇರುವವರು ಏಳು ಜನ. ಯಾಕೆ ಅಂದರೆ, ನಿಮಗೆ ಮೊಣಕಾಲು ನೋವು ಅಲ್ವಾ, ಮೆಟ್ಟಿಲು ಜಾಸ್ತಿ ಇವೆ ಅಂತ. ನನ್ನ ಮೊಣಕಾಲಿನ ಬಗ್ಗೆ ಆರು ಜನ ಕೂತು ತೀರ್ಮಾನ ಮಾಡಿದ್ದಾರೆ, ಮೊಣಕಾಲು ಇರುವವಳನ್ನು ಒಬ್ಬರೂ ಕೇಳಿಲ್ಲ. "ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ" ಅಂತ ಒಂದು ಗಂಟೆ ಮುಂಚೆ ಕಾಲಿಗೆ ಬಿದ್ದವರೇ ಇವರು. ಬಂಗಾರವನ್ನು ಮನೆಯಲ್ಲಿಟ್ಟು ಬೀಗ ಹಾಕಿಕೊಂಡು ಹೋದರು ನೋಡು.

ನಾನೇನು ಬಿಡುತ್ತೇನಾ. ಮರುವಾರ ಪಕ್ಕದ ಮನೆ ಆಪಾ ಜೊತೆ ಆಟೋ ಮಾಡಿಕೊಂಡು ಹೋಗಿ ಮಧ್ಯಾಹ್ನದ ಶೋ ನೋಡಿಬಂದೆ. ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಸರ್ಕಾರ ಸೆಪ್ಟೆಂಬರ್‌ನಲ್ಲಿ ಮಾಡಿತ್ತು, ಅದಕ್ಕೆ ಹೈಕೋರ್ಟ್ ತಡೆ ಬಿತ್ತು, ಹಾಗಾಗಿ ಬ್ಲೌಸ್ ಒಳಗಿನ ಚೀಲ ಸ್ವಲ್ಪ ಹಗುರವಾಯಿತು. ಮೆಟ್ಟಿಲು ಎಷ್ಟು ಗೊತ್ತಾ? ಹದಿನಾಲ್ಕು. ನಮ್ಮ ಮನೆಯ ಮಾಳಿಗೆಗೆ ಇಪ್ಪತ್ತೆರಡು ಇವೆ, ಅಲ್ಲಿ ಸಂಡಿಗೆ ಹಾಕೋಕೆ ಹೋಗುವಾಗ ನನ್ನ ಮೊಣಕಾಲು ಯಾರಿಗೂ ನೆನಪಾಗುವುದಿಲ್ಲ.

ಸಿನಿಮಾ ಚೆನ್ನಾಗಿದೆ. ಕದಂಬರ ಕಾಲ, ಕಾಡು, ಅರಮನೆ, ರಥ ಓಡುವ ಜಾಗದಲ್ಲಿ ಆಪಾ ನನ್ನ ಕೈ ಹಿಡಿದುಕೊಂಡಿದ್ದರು, ಬಿಟ್ಟಾಗ ಬಳೆಯ ಗುರುತು ಬಿದ್ದಿತ್ತು. ರುಕ್ಮಿಣಿ ವಸಂತ್ ಎಷ್ಟು ಚೆಂದ ಕಾಣುತ್ತಾಳೆ. ಆದರೂ 2025ರಲ್ಲಿ ನೋಡಿದ್ದರಲ್ಲಿ ನಾನು ಅದನ್ನು ಎರಡನೆಯದಕ್ಕೇ ಇಡುವುದು. ಸದ್ದು ಜಾಸ್ತಿ. ಒಂದು ಕೂಗು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. 2022ರ ಮೊದಲನೆಯ ಕಾಂತಾರದಲ್ಲಿ ಪೂರ್ತಿ ಸಿನಿಮಾ ಕಾದ ಮೇಲೆ ಕೊನೆಗೆ ನಾಯಕನ ಮೈಮೇಲೆ ದೈವ ಬಂದು ಆ ಕೂಗು ಹಾಕಿತು, ಅದಕ್ಕೇ ಮೈ ಜುಂ ಅಂದಿತು. ರಿಷಬ್ ಶೆಟ್ಟಿಗೆ ರಾಷ್ಟ್ರ ಪ್ರಶಸ್ತಿ ಬಂದಿದ್ದೂ ಆ ಸಿನಿಮಾಕ್ಕೇ ಅಲ್ವಾ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಸು ಫ್ರಮ್ ಸೋ. ಅದರಲ್ಲೂ ಮೈಮೇಲೆ ಬರುವುದೇ, ಸೋಮೇಶ್ವರದ ಸುಲೋಚನ, ಆದರೆ ಊರಿಗೆ ಊರೇ ಹೆದರಿಕೊಂಡು ಮಾಡುವ ಪೆದ್ದುತನ ನೋಡಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ರವಿಯಣ್ಣನ ಹಾಗೆ ಎಲ್ಲದಕ್ಕೂ ಮುಂದೆ ನಿಲ್ಲುವವನು ನಮ್ಮ ಮನೆತನದಲ್ಲೂ ಒಬ್ಬನಿದ್ದಾನೆ, ಹೆಸರು ಹೇಳುವುದಿಲ್ಲ, ಅವನಿಗೆ ಗೊತ್ತಾಗುತ್ತದೆ. ನಕ್ಕ ಮೇಲೆ ಕೊನೆಗೆ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವೂ ಆಗುತ್ತದೆ, ಅದಕ್ಕೇ ಅದು ಮೊದಲು. ಒಂದೇ ಬೇಜಾರು. ಕರಾವಳಿಯವರು ತಮ್ಮ ಮಾತನ್ನೇ ಇಟ್ಟು ಸಿನಿಮಾ ಮಾಡಿದರೆ ಊರೆಲ್ಲ ಚಪ್ಪಾಳೆ. ನಮ್ಮ ಮಾತು ಸಿನಿಮಾದಲ್ಲಿ ಬರುವುದು ಯಾವಾಗ? ಒಬ್ಬ ವಾಚ್‌ಮನ್ ಬರುತ್ತಾನೆ, "ಏನ್ರೀ ಯಪ್ಪಾ" ಅನ್ನುತ್ತಾನೆ, ಜನ ನಗುತ್ತಾರೆ, ಮುಗಿಯಿತು. ನಾವು ಇಲ್ಲಿ ಅಳುವುದೂ ಇದೇ ಮಾತಿನಲ್ಲಿ. ಈ ಸಲ ಭೀಮಾ ನದಿ ಉಕ್ಕಿ ಬಂದು ಹೊಲ ಮುಳುಗಿದಾಗ ನಮ್ಮ ಮೈದುನ ಫೋನಿನಲ್ಲಿ ಅತ್ತಿದ್ದು ಇದೇ ಮಾತಿನಲ್ಲಿ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಮೂರನೆಯದು ಮಹಾವತಾರ್ ನರಸಿಂಹ, ಬೊಂಬೆ ಸಿನಿಮಾ, ಸು ಫ್ರಮ್ ಸೋ ಬಂದ ದಿನವೇ ಬಂದಿದ್ದು, ಜುಲೈ 25ಕ್ಕೆ. ಗುಂಡ ಅದನ್ನು ನನ್ನ ಪಕ್ಕದಲ್ಲೇ ಕೂತು ನೋಡಿದ್ದಾನೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವಾಗ ನಾನು ಕಣ್ಣು ಮುಚ್ಚಿಕೊಂಡೆ, ಅವನು ಚುರುಮುರಿ ತಿನ್ನುತ್ತಿದ್ದ. ಯಾಕೆ? ಅದು ಸಿಂಹ, ಮೊದಲಿಂದಲೂ ಸಿಂಹ. ಅವರ ಅಮ್ಮನ ಹಾಗೆ ಇದ್ದವರು ಯಾರೂ ಇದ್ದಕ್ಕಿದ್ದ ಹಾಗೆ ಬೇರೆ ಆಗಲಿಲ್ಲ. ಆಮೀರ್ ಖಾನ್‌ದು ಸಿತಾರೆ ಜಮೀನ್ ಪರ್ ನಾಲ್ಕನೆಯದು. ಅದರಲ್ಲಿನ ವಿಶೇಷ ಚೇತನ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುವುದು ಚೆಂದ, ಉಳಿದದ್ದು ಹಾಗೆ ಹೀಗೆ. 777 ಚಾರ್ಲಿಯನ್ನು ಟೀವಿಯಲ್ಲಿ ಮತ್ತೆ ಹಾಕಿದ್ದರು, ಅದಕ್ಕೆ ನಂಬರ್ ಕೊಡುವುದಿಲ್ಲ. ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದ ತಕ್ಷಣ ನಿಮ್ಮ ದೊಡ್ಡಪ್ಪನ ನೆನಪಾಗಿ ಎದ್ದು ಅಡುಗೆ ಮನೆಗೆ ಹೋಗಿಬಿಟ್ಟೆ.

ಅಯ್ಯೋ, ನೀನು ಕೇಳಿದ್ದನ್ನೇ ಹೇಳಲಿಲ್ಲ ನೋಡು. ಕಾಂತಾರ ಚಾಪ್ಟರ್ 1ಕ್ಕೆ ಯುಎ 16+ ಸರ್ಟಿಫಿಕೇಟ್ ಇದೆ. ಮೊದಲು ಬರೀ ಯುಎ ಅಂತ ಇರುತ್ತಿತ್ತು. 2024ರಿಂದ ಅದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಟಿಕೆಟ್ ಬುಕ್ ಮಾಡುವ ಕಡೆ ಸಿನಿಮಾ ಹೆಸರಿನ ಹತ್ತಿರವೇ ಬರೆದಿರುತ್ತದೆ, ದುಡ್ಡು ಕಟ್ಟುವ ಮುಂಚೆ ನೋಡು. ಯುಎ ಅಂದರೆ ಗೇಟಿನಲ್ಲಿ ತಡೆಯುವುದಿಲ್ಲ, ಎ ಇದ್ದರೆ ಮಾತ್ರ ಹದಿನೆಂಟರ ಒಳಗಿನವರನ್ನು ಬಿಡುವುದಿಲ್ಲ. ಒಳಗೆ ಬಿಟ್ಟರು ಅಂದ ಮಾತ್ರಕ್ಕೆ ಹುಡುಗನಿಗೆ ಸರಿ ಅಂತ ಅಲ್ಲ, ನೋಡಿ ತೀರ್ಮಾನ ಮಾಡಿ ಅಂತ ನಿಮಗೇ ಬಿಟ್ಟಿದ್ದಾರೆ ಅಷ್ಟೇ. ಸಿನಿಮಾ 2 ಗಂಟೆ 48 ನಿಮಿಷ. ನಿಮ್ಮ ಅಮ್ಮ ಬಿಪಿ ಮಾತ್ರೆ ತಪ್ಪಿಸದೆ ಬರಲಿ, ರಾತ್ರಿ ಶೋ ಬೇಡ, ಮಧ್ಯಾಹ್ನದ್ದಕ್ಕೆ ಹೋಗಿ, ಸ್ಪೀಕರ್ ಪಕ್ಕದ ಸೀಟು ಬೇಡ, ನಡುವಿನ ಸಾಲಿನಲ್ಲಿ ಓಣಿ ಕಡೆಯ ಸೀಟು ತಗೊಳ್ಳಿ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ನಾನೂ ಇಟ್ಟುಕೊಂಡಿದ್ದೆ. ಇಷ್ಟು ಹೇಳಿದ ಮೇಲೂ ಗುಂಡನನ್ನು ಕರೆದುಕೊಂಡೇ ಹೋದರೆ, ಅತ್ತ ಅಂತ ಮಧ್ಯದಲ್ಲಿ ಎದ್ದು ಬರಬೇಡಿ, ಕಣ್ಣು ಮುಚ್ಚಿಸಿಯಾದರೂ ಸರಿ, ಕೊನೆಯವರೆಗೆ ಕೂರಿಸಿ. ಮತ್ತೆ ನೀನು ಜಡೆ ಗಟ್ಟಿ ಹೆಣೆದುಕೊಂಡು ಹೋಗು.

ಇಲ್ಲ, ಅದೆಲ್ಲ ಯಾಕೆ, ಅವನನ್ನು ಹನ್ನೆರಡಕ್ಕೆ ನನ್ನ ಹತ್ತಿರ ತಂದು ಬಿಡು. ಊಟ ಮಾಡಿಸಿ ನರಸಿಂಹ ಮತ್ತೊಂದು ಸಲ ಹಾಕಿಕೊಡುತ್ತೇನೆ, ಮೊಬೈಲ್ ಚಾರ್ಜರ್ ಮರೆಯಬೇಡ. ಬರುವಾಗ ಸೂಪರ್ ಮಾರ್ಕೆಟ್ ಕಡೆಯಿಂದ ಸುಸಲಾ ಮತ್ತು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಾ, ಆಪಾಗೂ ಸೇರಿಸಿ. ಟಿಕೆಟ್ ಎಷ್ಟು ಜನರಿಗೆ ಮಾಡುತ್ತಿದ್ದೀಯ ಅಂತ ಮಾತ್ರ ಮೊದಲು ಎಣಿಸಿ ಹೇಳು.