ಬೋರೇಜ್ ಅಂದರೆ ದೊಡ್ಡಪತ್ರೆ ಅಲ್ಲ, ಹಾಗಾದರೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬೋರೇಜ್ ಅನ್ನುವ ಹೊರದೇಶದ ಗಿಡಕ್ಕೆ ಕನ್ನಡದ ಹೆಸರು ಬೇಕಿತ್ತು. ಕಥೆ ಸ್ವಲ್ಪ ಉದ್ದ ಇದೆ, ಬೇಜಾರಿಲ್ಲದೆ ಓದಿ.

ಹೋದ ಕಾರ್ತಿಕದಲ್ಲಿ, ಕೋಲಾರದ ನಮ್ಮ ಮನೆ ತಾರಸಿ ಮೇಲೆ ಎರಡು ಕುಂಡಕ್ಕೆ ಬೋರೇಜ್ ಬೀಜ ಹಾಕಿದೆ. ಪೊಟ್ಟಣದ ಹಿಂದೆ ಕನ್ನಡದಲ್ಲಿ ‘ದೊಡ್ಡಪತ್ರೆ’ ಅಂತ ಅಚ್ಚಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ದೊಡ್ಡಪತ್ರೆಗೆ ಯಾರು ಬೀಜ ಹಾಕುತ್ತಾರೆ? ಪಕ್ಕದ ಮನೆಯಿಂದ ಒಂದು ಕಡ್ಡಿ ಮುರಿದು ತಂದು ಚುಚ್ಚಿದರೆ ಆಯ್ತು.

ಸಂಕ್ರಾಂತಿ ಹೊತ್ತಿಗೆ ಗಿಡ ಸೊಂಟದ ಹತ್ತಿರ ಬಂತು. ಮೈಯೆಲ್ಲ ಬಿಳಿ ಬಿರುಸು ರೋಮ. ಮೊಗ್ಗು ಗುಲಾಬಿ ಬಣ್ಣ, ಅರಳಿದ ಮೇಲೆ ಅಚ್ಚ ನೀಲಿ. ಐದು ಎಸಳು, ನಕ್ಷತ್ರದ ಹಾಗೆ, ತಲೆ ತಗ್ಗಿಸಿಕೊಂಡು ನೇತಾಡುತ್ತವೆ. ಜೇನುಹುಳಗಳಿಗಂತೂ ಹಬ್ಬ. ಅತ್ತಿಗೆ ಪೊಟ್ಟಣ ನಂಬಿಕೊಂಡು ಬಜ್ಜಿಗೆ ಅಂತ ಎಲೆ ಕೊಯ್ದರು. ಕೈಗೆ ಚುಚ್ಚಿತು. ಮೂಸಿದರೆ ಓಮದ ಘಾಟೇ ಇಲ್ಲ, ಎಳೆ ಸೌತೆಕಾಯಿ ವಾಸನೆ! ಹಿಟ್ಟು ಕಲಸಿ ಆಗಿತ್ತು. ಕೊನೆಗೆ ಈರುಳ್ಳಿ ಬಜ್ಜಿ ಆಯ್ತು.

ತಪ್ಪು ಎಲ್ಲಿ ನುಸುಳಿತು ಅಂತ ಹೇಳುವುದು ಸುಲಭ. ಇಂಗ್ಲಿಷಿನಲ್ಲಿ ನಮ್ಮ ದೊಡ್ಡಪತ್ರೆಗೆ ‘ಇಂಡಿಯನ್ ಬೋರೇಜ್’ ಅಂತ ಒಂದು ಹೆಸರಿದೆ. ಪೊಟ್ಟಣಕ್ಕೆ ಅನುವಾದ ಮಾಡಿದವರು ‘ಇಂಡಿಯನ್’ ಕೈಬಿಟ್ಟು ಎರಡನ್ನೂ ಒಂದೇ ಮಾಡಿದ್ದಾರೆ. ಹೆಸರಿನಲ್ಲೇ ನಮಗೆ ಚಳ್ಳೆಹಣ್ಣು ತಿನ್ನಿಸಿದ್ದಾರೆ ಅನ್ನಬಹುದು. (ಆ ಚಳ್ಳೆ ಮರವನ್ನೂ ಬಹಳ ಕಾಲ ಬೋರೇಜ್ ಕುಟುಂಬದಲ್ಲೇ ಸೇರಿಸಿದ್ದರು. ಇರಲಿ.) ದೊಡ್ಡಪತ್ರೆ, ಬೋರೇಜ್ ಎರಡಕ್ಕೂ ಎಲೆ ಮೇಲೆ ರೋಮ ಇದೆ ಅನ್ನುವುದು ಬಿಟ್ಟರೆ ನಂಟಿಲ್ಲ. ದೊಡ್ಡಪತ್ರೆ ತುಳಸಿಯ ಕುಟುಂಬದ್ದು. ಬೋರೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲದ್ದು. ಅಲ್ಲಿಂದ ಯೂರೋಪಿನ ಕೈತೋಟಗಳಿಗೆ, ಆಮೇಲೆ ಅಮೆರಿಕಕ್ಕೆ ಹೋಯಿತು. ಒಂದೇ ವರ್ಷ ಬದುಕುವ ಗಿಡ, ಆದರೆ ಒಮ್ಮೆ ಹಾಕಿದರೆ ಬೀಜ ಉದುರಿ ತಾನೇ ಹುಟ್ಟಿಕೊಳ್ಳುತ್ತದೆ. ಬೀಜದ ತುದಿಯಲ್ಲಿ ಎಣ್ಣೆ ಅಂಶದ ಸಣ್ಣ ತುಣುಕು ಇರುತ್ತದೆ. ಅದರ ಆಸೆಗೆ ಇರುವೆಗಳು ಬೀಜವನ್ನು ಎಳೆದುಕೊಂಡು ಹೋಗುತ್ತವೆ. ನಮ್ಮ ತಾರಸಿಯಲ್ಲೇ ಈಗ ಕರಿಬೇವಿನ ಕುಂಡದಲ್ಲಿ ನಾಲ್ಕು ಸಸಿ ಎದ್ದಿವೆ.

ಹೆಸರು ತಪ್ಪಿದರೆ ಏನಾಯ್ತು ಅನ್ನಬೇಡಿ. ಇಟಲಿ, ಸ್ಪೇನಿನ ಕಡೆ ಬೋರೇಜ್ ಸೊಪ್ಪನ್ನು ಬೇಯಿಸಿ ತಿನ್ನುತ್ತಾರೆ, ನಿಜ. ಆದರೆ ಅದರಲ್ಲಿ ಲಿವರಿಗೆ ಒಳ್ಳೆಯದಲ್ಲದ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ಸ್ವಲ್ಪ ಇವೆ. ದೊಡ್ಡಪತ್ರೆ ಅಂದುಕೊಂಡು ಮಗುವಿನ ಕೆಮ್ಮಿಗೆ ದಿನಾ ರಸ ಹಿಂಡಿ ಕುಡಿಸುವ ಗಿಡ ಇದಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅಮ್ಮ ತಾರಸಿಗೆ ಬಂದವರು ಹೂ ನೋಡಿ ನಕ್ಕರು. “ಇದೇನೋ, ದುಡ್ಡು ಕೊಟ್ಟು ಕತ್ತೆತುಂಬೆ ಹಾಕಿದ್ದೀಯಾ?”

ಕತ್ತೆತುಂಬೆ ನೀವು ನೋಡಿರುತ್ತೀರಿ. ಮಳೆ ಬಿದ್ದ ಮೇಲೆ ಬೀಳು ಹೊಲದಲ್ಲಿ, ಬದುವಿನ ಮೇಲೆ ಏಳುವ ಒರಟು ಗಿಡ. ತಿಳಿ ನೀಲಿ ಹೂ, ನೆಲ ನೋಡುತ್ತಿರುತ್ತದೆ. ಸುಮ್ನೆ ತಮಾಷೆಗೆ ಅಂದರೇನೋ ಅಂದುಕೊಂಡು ಹುಡುಕಿದೆ. ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ! 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಎರಡೂ ಗಿಡಗಳನ್ನು ಒಂದೇ ಪುಸ್ತಕದಲ್ಲಿ, ಒಂದೇ ಕುಲದಲ್ಲಿ (ಕುಟುಂಬದೊಳಗಿನ ಚಿಕ್ಕ ಗುಂಪು, ಇಂಗ್ಲಿಷಿನ ಜೀನಸ್) ಇಟ್ಟಿದ್ದ. ತೋಟದ್ದು ‘ಬೊರಾಗೊ ಅಫಿಸಿನಾಲಿಸ್’, ನಮ್ಮ ಹೊಲದ್ದು ‘ಬೊರಾಗೊ ಇಂಡಿಕಾ’. 1810ರಲ್ಲಿ ರಾಬರ್ಟ್ ಬ್ರೌನ್ ಅನ್ನುವ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ‘ಟ್ರೈಕೊಡೆಸ್ಮಾ’ ಅಂತ ಹೊಸ ಕುಲ ಮಾಡಿದ. ಗ್ರೀಕಿನಲ್ಲಿ ಹಾಗಂದರೆ ಕೂದಲ ಕಟ್ಟು. ಹೂವಿನೊಳಗಿನ ಕೇಸರಗಳನ್ನು ರೋಮಗಳೇ ಹೆಣೆದು ಕಟ್ಟಿದಂತಿವೆ. ನಮ್ಮ ಗಿಡವೂ ಆಮೇಲೆ ಆ ಕುಲಕ್ಕೆ ಹೋಯಿತು. ಅಂದರೆ ‘ಇಂಡಿಯನ್ ಬೋರೇಜ್’ ಅನ್ನುವ ಹೆಸರಿಗೆ ಹಕ್ಕಿದ್ದದ್ದು ಕತ್ತೆತುಂಬೆಗೆ. ಅದು ದೊಡ್ಡಪತ್ರೆ ಪಾಲಾಯಿತು.

ಇನ್ನೊಂದು ತಮಾಷೆ. ಕತ್ತೆತುಂಬೆ ತುಂಬೆಯೇ ಅಲ್ಲ. ಶಿವನಿಗೆ ಇಡುವ ಬಿಳಿ ತುಂಬೆ ಕೂಡ ತುಳಸಿ, ದೊಡ್ಡಪತ್ರೆಗಳ ಕಡೆಯದು. ಇಲ್ಲಿ ‘ಕತ್ತೆ’ ಅನ್ನುವುದು ‘ಹಾಗೆ ಕಾಣುತ್ತದೆ, ಆದರೆ ಅಷ್ಟು ಬೆಲೆ ಇಲ್ಲ’ ಅನ್ನುವ ಅರ್ಥದಲ್ಲಿ ಬಂದಿದೆ ಅಂತ ನನ್ನ ಅನಿಸಿಕೆ. ನಾಯಿಸಾಸಿವೆಯಲ್ಲಿ ‘ನಾಯಿ’ ಬಂದ ಹಾಗೆ. ತಮಿಳರೂ ‘ಕಳುದೈ ತುಂಬೈ’ ಅನ್ನುತ್ತಾರೆ, ಅಲ್ಲೂ ಕತ್ತೆಯೇ. ಅವರಲ್ಲೇ ‘ಕವಿಳ್ ತುಂಬೈ’ ಅಂತಲೂ ಇದೆ, ಬೋರಲಾದ ತುಂಬೆ. ಸಂಸ್ಕೃತದ ‘ಅಧಃಪುಷ್ಪಿ’ ಕೂಡ ಅದನ್ನೇ ಹೇಳುತ್ತದೆ. ತೆಲುಗಿನಲ್ಲಿ ‘ಗುವ್ವಗುತ್ತಿ’. ಮೂರು ಭಾಷೆ ಕಲೆತ ನಮ್ಮ ಕೋಲಾರದಲ್ಲಿ ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತೋ, ಬಲ್ಲವರು ಹೇಳಬೇಕು.

ಬೋರೇಜ್ ಅನ್ನುವ ಪದದ ಮೂಲಕ್ಕೂ ಜಗಳ ಇದೆ. ಒರಟು ಉಣ್ಣೆ ಅನ್ನುವ ಅರ್ಥದ ಲ್ಯಾಟಿನ್ ‘ಬುರ್ರಾ’ ಅಂತ ಕೆಲವರು. ‘ಬೆವರಿನ ಅಪ್ಪ’ ಅನ್ನುವ ಅರಬ್ಬಿ ‘ಅಬು ಅರಕ್’ ಅಂತ ಇನ್ನು ಕೆಲವರು, ಬೆವರಿಳಿಸಲು ಕೊಡುತ್ತಿದ್ದರಂತೆ. ಎಲೆ ಸವರಿ ನೋಡಿದವನಾಗಿ ನನ್ನ ಮತ ಉಣ್ಣೆಗೆ.

ಸರಿ, ಕನ್ನಡದಲ್ಲಿ ಏನನ್ನೋಣ? ಫಾರಸಿಯ ‘ಗಾವ್‌ಜಬಾನ್’, ಅಂದರೆ ಹಸುವಿನ ನಾಲಿಗೆ, ಅದನ್ನು ನೋಡಿಕೊಂಡು ‘ಗೋಜಿಹ್ವೆ’ ಅನ್ನೋಣ ಅಂದರು ಒಬ್ಬ ಗೆಳೆಯರು. ಆದರೆ ಯುನಾನಿ ಅಂಗಡಿಯಲ್ಲಿ, ಆಯುರ್ವೇದದಲ್ಲಿ ಆ ಹೆಸರುಗಳಿಗೆ ಬೇರೆ ಬೇರೆ ಗಿಡಗಳು ಆಗಲೇ ಕೂತಿವೆ. ಇನ್ನೊಂದು ಗೊಂದಲ ಯಾಕೆ? ಸೀಮೆಬದನೆ, ಸೀಮೆಹುಣಸೆ ಇದ್ದ ಹಾಗೆ ‘ಸೀಮೆ ಕತ್ತೆತುಂಬೆ’ ಅಂದರೆ ಹೇಗೆ? ನಂಟೂ ತಿಳಿಯುತ್ತದೆ, ಹೊರಗಿನದು ಅಂತಲೂ ತಿಳಿಯುತ್ತದೆ. ಬರೀ ‘ಸೀಮೆತುಂಬೆ’ ಅಂದರೆ ಬಾಯಿಗೆ ಹಗುರ, ಆದರೆ ಯಾರಾದರೂ ಪೂಜೆಗೆ ಇಟ್ಟುಬಿಟ್ಟಾರು.

ಪಾವಗಡ, ಗೌರಿಬಿದನೂರು, ಚಿಂತಾಮಣಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಕತ್ತೆತುಂಬೆ ಅಂದರೆ ಇದೇ ತಲೆತಗ್ಗಿಸಿದ ನೀಲಿ ಹೂವಿನದಾ, ಬೇರೆ ಯಾವುದಾದರೂ ಗಿಡವಾ? ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಕೇಳಿದವರಿಗೆ ಕೊಡೋಣ ಅಂತ ಬೀಜದ ಪೊಟ್ಟಣ ಕಟ್ಟಿಟ್ಟಿದ್ದೇನೆ. ಮೇಲೆ ಹೆಸರು ಬರೆಯುವ ಜಾಗ ಇನ್ನೂ ಖಾಲಿ ಇದೆ.