‘ಶೆಮೊಮೆಚಾಮಾ’: ಕನ್ನಡದಲ್ಲಿ ಏನನ್ನೋಣ? ‘ತಿಂದುಬಿಟ್ಟೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಜಾರ್ಜಿಯನ್ ಭಾಷೆಯ ‘ಶೆಮೊಮೆಚಾಮಾ’ ಎಂಬ ಒಂದು ಕ್ರಿಯಾಪದ ಮೂರು ವಾರದಿಂದ ನನ್ನ ತಲೆಯಲ್ಲೇ ಕೂತಿದೆ. ಅದಕ್ಕೆ ಒಪ್ಪುವ ಕನ್ನಡದ ರೂಪ ಯಾವುದು ಎಂಬುದು ನನ್ನ ಪ್ರಶ್ನೆ. ಆ ಮಾತು ಕಿವಿಗೆ ಬಿದ್ದ ಸಂದರ್ಭ ಹೇಳದೆ ಅರ್ಥ ಬಿಡಿಸಲು ಆಗುವುದಿಲ್ಲ, ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ.

ನನ್ನ ತಂಗಿಯ ಮಗಳು ಜಾರ್ಜಿಯಾ ದೇಶದ ರಾಜಧಾನಿ ತ್ಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ, ಹಳೇ ಊರಿನಲ್ಲಿ ಗಂಧಕದ ಬಿಸಿನೀರಿನ ಸ್ನಾನಗೃಹಗಳಿರುವ ಅಬಾನೊತುಬಾನಿ ಕೇರಿಯ ಹತ್ತಿರ, ನೆಲಮಾಳಿಗೆಯ ಒಂದು ಊಟದ ಮನೆಗೆ ಕರೆದುಕೊಂಡು ಹೋದಳು. (ಊರಿನ ಹೆಸರೂ ಆ ನೀರಿನಿಂದಲೇ ಬಂದದ್ದು, ‘ತ್ಬಿಲಿ’ ಎಂದರೆ ಬೆಚ್ಚಗಿನ ಎಂದರ್ಥ.) ಐದೇ ಮೇಜು. ಒಳಗೆ ಅಡುಗೆಗೆ ತಾಯಿ, ಹೊರಗೆ ಬಡಿಸಲು ಮಗಳು. ಇಂಥ ಜಾಗಕ್ಕೆ ಅವರು ‘ಸಖಿಂಕ್ಲೆ’ ಎನ್ನುತ್ತಾರೆ, ಅಂದರೆ ಖಿಂಕಾಲಿ (ಹೂರಣ ತುಂಬಿ ಬೇಯಿಸಿದ ಕಡುಬಿನಂಥ ತಿನಿಸು) ಸಿಗುವ ಜಾಗ. ಇನ್ನೂ ಹಳೆಯ ಮಾತು ‘ದುಕಾನಿ’. ನಮ್ಮ ಉತ್ತರ ಕರ್ನಾಟಕದ ‘ದುಕಾನ’ ಬಂದ ಅರಬ್ಬಿ–ಪಾರಸಿ ಬೇರಿನಿಂದಲೇ ಅದೂ ಬಂದದ್ದು. ಅಲ್ಲಿ ಮಾತ್ರ ಊಟ, ವೈನ್ ಸಿಗುವ ಮನೆ ಎಂಬ ಅರ್ಥ ಹಿಡಿದಿದೆ. ಆ ಐದು ಮೇಜಿನ ಮನೆಯನ್ನು ‘ರೆಸ್ಟೋರೆಂಟ್’ ಅನ್ನಲು ನನಗೆ ಮನಸ್ಸಾಗಲಿಲ್ಲ. ಊರಿಗೆ ಫೋನ್ ಮಾಡಿದಾಗ ‘ಖಾನಾವಳಿ’ ಅಂದೆ, ತಂಗಿಗೆ ತಕ್ಷಣ ಚಿತ್ರ ಸಿಕ್ಕಿತು.

ನಾನು ಮಾಂಸ ತಿನ್ನುವುದಿಲ್ಲ. ಅದಕ್ಕೆ ಅಲ್ಲಿ ಬಹಳ ಒದಗುವ ಮಾತು ‘ಸಮರ್ಖ್ವೊ’. ಅವರ ಚರ್ಚಿನ ಉಪವಾಸದ ದಿನಗಳಿಗೆ ಒಪ್ಪುವ ಅಡುಗೆ ಅದು: ಮಾಂಸವಿಲ್ಲ, ಹಾಲು ಮೊಟ್ಟೆಯೂ ಇಲ್ಲ. ‘ಮರ್ಖ್ವಾ’ ಎಂದರೆ ಉಪವಾಸ. ಪದದ ಮೊದಲಿಗೆ ‘ಸ’, ಕೊನೆಗೆ ‘ಒ’ ಸೇರಿ ‘ಅದಕ್ಕಾಗಿ ಇರುವುದು’ ಎಂದಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ಹುರುಳಿಕಾಯಿ ಬೀಜದ ‘ಲೊಬಿಯೊ’ ಬಂತು, ಜೊತೆಗೆ ಮೆಕ್ಕೆಜೋಳದ ದಪ್ಪ ರೊಟ್ಟಿ ‘ಮ್ಚಾದಿ’. ಗಡಿಗೆಯ ಮುಚ್ಚಳ ತೆಗೆದ ಕೂಡಲೇ ಮೆಂತ್ಯದ ವಾಸನೆ ಬಂದು ನಾನು ಬೆರಗಾದೆ. ಅದು ನಮ್ಮ ಮೆಂತ್ಯದ ಹತ್ತಿರದ ಬಂಧು, ನೀಲಿ ಹೂವಿನದು. ಅದರ ಹೆಸರು ‘ಉತ್ಸ್‌ಖೊ ಸುನೇಲಿ’, ಅಂದರೆ ಹೊರನಾಡಿನ ಮಸಾಲೆ!

ಆಮೇಲೆ ಅಣಬೆಯ ಖಿಂಕಾಲಿ, ಹತ್ತು. ನೋಡಲು ಥೇಟ್ ಮೋದಕ. ಹಿಟ್ಟಿನ ಅಂಚನ್ನು ಸೀರೆಯ ನೆರಿಗೆ ಹಿಡಿದ ಹಾಗೆ ಹಿಡಿದು ಮೇಲೆ ತಿರುಚಿರುತ್ತಾರೆ. ಆ ಗಂಟನ್ನು ಹಿಡಿದೆತ್ತಿ, ಪಕ್ಕದಲ್ಲಿ ಸಣ್ಣಗೆ ಕಚ್ಚಿ, ಒಳಗಿನ ಬಿಸಿ ರಸ ಹೀರಿ, ಮಿಕ್ಕದ್ದನ್ನು ತಿನ್ನಬೇಕು. ಗಂಟು ದಪ್ಪ, ಸರಿಯಾಗಿ ಬೆಂದಿರುವುದಿಲ್ಲ. ಅದನ್ನು ತಿನ್ನದೆ ತಟ್ಟೆಯ ಅಂಚಿಗೆ ಇಡುತ್ತಾರೆ. ಯಾರು ಎಷ್ಟು ತಿಂದರು ಎಂಬ ಲೆಕ್ಕ ಅದರಲ್ಲೇ ಸಿಗುತ್ತದೆ. ಅದಕ್ಕೆ ಅವರು ‘ಕುದಿ’, ಅಂದರೆ ಬಾಲ, ಎನ್ನುತ್ತಾರೆ. ಕನ್ನಡದಲ್ಲಿ ನಾನು ‘ಜುಟ್ಟು’ ಎನ್ನುತ್ತೇನೆ, ತೆಂಗಿನಕಾಯಿಯ ಜುಟ್ಟಿನ ಹಾಗೆ. (ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆಂದು ಈ ‘ಕುದಿ’ಯನ್ನು ನಮ್ಮ ‘ಕುದಿ’ಗೆ ಯಾರೂ ದಯವಿಟ್ಟು ಜೋಡಿಸಬೇಡಿ. ಅವರ ಚೀಸ್ ತುಂಬಿದ ರೊಟ್ಟಿ ಖಾಚಾಪುರಿಯ ‘ಪುರಿ’ಯನ್ನು ನಮ್ಮ ಎಣ್ಣೆಯಲ್ಲಿ ಕರಿದ ಪೂರಿಗೂ ಬೇಡ; ಅಲ್ಲಿ ಪುರಿ ಎಂದರೆ ಬೇಯಿಸಿದ ಬ್ರೆಡ್ಡು.)

ಮೂರು ತಿಂದರೆ ಸಾಕು ಎಂದುಕೊಂಡು ಕೂತವನು ನಾನು. ಮಾತಾಡುತ್ತಾ ಕೆಳಗೆ ನೋಡಿದರೆ ನನ್ನ ತಟ್ಟೆಯಲ್ಲಿ ಏಳು ಜುಟ್ಟು, ಸೊಸೆಯ ತಟ್ಟೆಯಲ್ಲಿ ಮೂರು. ಬಡಿಸುವ ಹುಡುಗಿ ತಟ್ಟೆ ನೋಡಿ ನಗುತ್ತಾ, “ಶೆಮೊಗೆಚಾಮಾ?” ಎಂದಳು. ಸೊಸೆ ಬಿಡಿಸಿ ಹೇಳಿದಳು: “ಮಾಮಾ, ತಿನ್ನಬೇಕು ಅಂತ ಇರಲಿಲ್ಲ, ಆದ್ರೂ ಎಲ್ಲಾ ತಿಂದು ಮುಗದ ಹೋತೇನ್ರಿ ಅಂತ ಕೇಳಾಕತ್ತಾಳ.”

ಇಷ್ಟು ಒಂದೇ ಪದದಲ್ಲಿ. ‘ಚಾಮಾ’ ತಿನ್ನುವುದು. ನಡುವೆ ‘ಮ್’ ಬಂದರೆ ನನಗೆ, ‘ಗ್’ ಬಂದರೆ ನಿನಗೆ. ನಾನು ತಿಂದೆ ಎಂಬ ರಚನೆ ಅಲ್ಲವೇ ಅಲ್ಲ. ತಿನ್ನುವ ಕೆಲಸ ನನಗೆ ಸಂಭವಿಸಿತು ಎಂಬ ರಚನೆ.

ನಮಗೆ ಇದು ಹೊಸದಲ್ಲ ಎಂಬುದೇ ನನ್ನನ್ನು ಹಿಡಿದಿಟ್ಟಿದ್ದು. ಜಾರ್ಜಿಯನ್ನಿನಲ್ಲಿ ‘ಮಿಂದಾ’ ಎಂದರೆ ನನಗೆ ಬೇಕು, ‘ಗಿಂದಾ’ ನಿನಗೆ ಬೇಕು. ‘ಮ್ಶಿಯಾ’ ನನಗೆ ಹಸಿವು. ಇಂಗ್ಲಿಷಿನವರು ಇದನ್ನು ಕಲಿಯಲು ಒದ್ದಾಡುತ್ತಾರೆ. ನಾವು ಹುಟ್ಟಿದಾಗಿನಿಂದ ‘ನನಗೆ ಬೇಕು, ನನಗೆ ಹಸಿವು, ನನಗೆ ಗೊತ್ತು’ ಎನ್ನುತ್ತಾ ಬಂದವರು. ಭಾಷಾಕುಟುಂಬದ ನಂಟು ಏನೂ ಇಲ್ಲ, ಅದು ಕಾರ್ಟ್‌ವೇಲಿಯನ್, ನಮ್ಮದು ದ್ರಾವಿಡ. ಆದರೂ ಚತುರ್ಥಿಯ ಈ ‘ನನಗೆ’ ಎರಡೂ ಕಡೆ ಇದೆ. ಹಾಗಿದ್ದಮೇಲೆ ಶೆಮೊಮೆಚಾಮಾ ಕನ್ನಡಕ್ಕೆ ಸಲೀಸಾಗಿ ಬರಬೇಕಲ್ಲ?

ಮೊದಲು ಹೊಳೆದದ್ದು ‘ತಿಂದುಬಿಟ್ಟೆ’. ‘ಬಿಡು’ ಸೇರಿದರೆ ಕೆಲಸ ಪೂರ್ತಿಯಾಯಿತು, ಇನ್ನು ಹಿಂದಕ್ಕೆ ಬಾರದು ಎಂಬ ಧ್ವನಿ ಬರುತ್ತದೆ, ಒಂದೊಂದು ಸಲ ‘ಅಯ್ಯೋ’ ಎಂಬುದೂ ಸೇರುತ್ತದೆ. ಆದರೆ ‘ಬೇಕಂತಲೇ ತಿಂದುಬಿಟ್ಟೆ’ ಎಂದೂ ಧಾರಾಳವಾಗಿ ಹೇಳಬಹುದು. ತಿಂದವನು ನಾನೇ, ಹೊಣೆಯೂ ನನ್ನದೇ. ಹಾಗಾಗಿ ಇದು ಸಾಲದು ಎಂದು ನನ್ನ ಅನಿಸಿಕೆ.

ಎರಡನೆಯದು ‘ಹೋಗು’. ಮರೆವಿನಲ್ಲಿ ನಮಗೆ ಎರಡೂ ರೂಪ ಇವೆ: ‘ನಾನು ಮರೆತುಬಿಟ್ಟೆ’, ‘ನನಗೆ ಮರೆತುಹೋಯ್ತು’. ಎರಡನೆಯದರಲ್ಲಿ ನನ್ನ ಕೈವಾಡವಿಲ್ಲ. ಇದೇ ಅಚ್ಚಿನಲ್ಲಿ ‘ನನಗೆ ತಿಂದುಹೋಯ್ತು’ ಎಂದು ನೋಡಿ; ನನ್ನ ಕಿವಿಗೆ ಒಗ್ಗುವುದಿಲ್ಲ. ‘ನನ್ನ ಕೈಲಿ ತಿಂದುಹೋಯ್ತು’ ಎಂದರೆ ಅಷ್ಟು ಕೆಡುವುದಿಲ್ಲ, ಆದರೆ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ. ಮರೆವು ತಾನಾಗಿ ಆಗುವಂಥದ್ದು, ತಿನ್ನುವುದಕ್ಕೆ ಕೈ, ಬಾಯಿ, ಮನಸ್ಸು ಎಲ್ಲವೂ ಬೇಕು. ಅದಕ್ಕೇ ಕನ್ನಡ ಇಲ್ಲಿ ‘ನನಗೆ’ಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವೇ? ಜಾರ್ಜಿಯನ್ ಆ ಬಾಗಿಲನ್ನೂ ತೆರೆದಿದೆ.

ಮೂರನೆಯದು ವಿಮಾನದಲ್ಲಿ ಬರುವಾಗ ನೆನಪಾದದ್ದು. ನಮ್ಮ ಅವ್ವ ಎಣ್ಣೆಗಾಯಿ ಪಲ್ಯ ಚೆನ್ನಾಗಿ ಆದ ದಿನ ಕೈ ತೊಳೆಯುತ್ತಾ, “ಇವತ್ತ ಎರಡ ರೊಟ್ಟಿ ಹೆಚ್ಚಿಗಿ ಹೋದ್ವು ನೋಡ” ಎನ್ನುತ್ತಿದ್ದಳು. ತಿಂದೆ ಎನ್ನುತ್ತಿರಲಿಲ್ಲ. ರೊಟ್ಟಿಯೇ ಕರ್ತೃ, ಅದೇ ಹೋದದ್ದು. ಮೈಸೂರು ಕಡೆಯವರು ‘ಎರಡು ತುತ್ತು ಜಾಸ್ತಿನೇ ಹೋಯ್ತು’ ಎನ್ನುವುದನ್ನೂ ಕೇಳಿದ್ದೇನೆ. ಅಡುಗೆಯ ರುಚಿಯೇ ತಿನ್ನಿಸಿತು ಎಂಬ ಭಾವ ಇದರಲ್ಲಿ ಪೂರ್ತಿ ಇದೆ, ಅಡಿಗೆ ಮಾಡಿದವರಿಗೆ ಮೆಚ್ಚುಗೆಯೂ ಸಂದಿತು. ಆ ಹುಡುಗಿಗೆ ನಾನು ಕನ್ನಡದಲ್ಲಿ ಉತ್ತರ ಕೊಡುವುದಿದ್ದರೆ ‘ನಾಲ್ಕು ಹೆಚ್ಚಿಗೇ ಹೋದವು’ ಎನ್ನುತ್ತಿದ್ದೆ. ಆದರೆ ಒಂದನ್ನೂ ಉಳಿಸದೆ ಖಾಲಿ ಮಾಡಿದೆ ಎಂಬ ಭಾಗ ಇದರಲ್ಲಿ ಬಿಟ್ಟುಹೋಗುತ್ತದೆ. ಸೊಸೆಯ ‘ತಿನಕೋತ ತಿನಕೋತ ಮುಗದ ಹೋತು’ದಲ್ಲಿ ಅದು ಇದೆ, ಆದರೆ ಅದು ಪದವಲ್ಲ, ವಾಕ್ಯ.

ನಿಮ್ಮ ಕಡೆ ಏನನ್ನುತ್ತೀರಿ? ಮುಖ್ಯವಾಗಿ ಕರಾವಳಿ, ಹವ್ಯಕ, ಕುಂದಾಪುರ ಕನ್ನಡದವರು ಹೇಳಬೇಕು: ಉಣ್ಣುವ, ತಿನ್ನುವ ಕ್ರಿಯೆಯ ಜೊತೆ ‘ನನಗೆ’ ಅಥವಾ ‘ನನ್ನಿಂದ’ ಸೇರಿ, ಬೇಕಂತ ಮಾಡಿದ್ದಲ್ಲ ಎಂಬ ಅರ್ಥ ಬರುವ ಬಳಕೆ ನಿಮ್ಮ ಮನೆಮಾತಿನಲ್ಲಿ ಇದೆಯೇ? ಇದ್ದರೆ ಇಡೀ ವಾಕ್ಯ ಬರೆಯಿರಿ, ಯಾರು ಯಾವಾಗ ಆಡಿದ್ದು ಎಂಬುದನ್ನೂ ಸೇರಿಸಿ.